ಹರಿಯದ ಹೊಲಿಗೆ

ಒದ್ದೆ ಹಾಸಿಗೆ ಬಟ್ಟೆಯ ಒಂದು ತುದಿಯನ್ನು ಸೀಟಕ್ಕ ಹಿಡಿದಿದ್ದಳು, ಇನ್ನೊಂದು ತುದಿಯನ್ನು ಅವಳ ನಾದಿನಿ. ಇಬ್ಬರೂ ಎದುರುಬದುರಾಗಿ ನಿಂತು ತಿರುಚಿ ತಿರುಚಿ ಹಿಂಡುತ್ತಿದ್ದರು. ನೀರು ಇನ್ನೂ ಧಾರೆಯಾಗಿ ಇಳಿಯುತ್ತಿರುವಾಗಲೇ ಹಿತ್ತಲ ಗೇಟಿನಿಂದ ಒಂದು ಕೆಂಪು ಕಾರು ಹಿಮ್ಮುಖವಾಗಿ ಒಳಗೆ ಬಂತು. ಹಗ್ಗದ ಮೇಲಿನ ದಿಂಬಿನ ಚೀಲಗಳನ್ನು ಎರಡು ಬೆರಳಿನ ಅಂತರದಲ್ಲಿ ತಪ್ಪಿಸಿಕೊಂಡು ಶೆಡ್ಡಿನೊಳಗೆ ಹೋಗಿ ನಿಂತಿತು. ಅಷ್ಟು ನಾಜೂಕಾಗಿ ಗಾಡಿ ಹಿಂದೆ ತೆಗೆಯುವವಳು ಆ ಮನೆಯಲ್ಲಿ ಒಬ್ಬಳೇ, ಹನ್ನೆರಡು ವರ್ಷದಿಂದ ಊರಿನ ಬಸ್ಸು ಓಡಿಸುತ್ತಿರುವ ಮಗಳು.

ನಾದಿನಿ ಕತ್ತು ಚಾಚಿ ನೋಡಿದಳು. "ಎರಡೇ ಬಾಗಿಲು ಇದಕ್ಕೆ. ನಾನು ಹತ್ತೋದೆಲ್ಲಿ, ಡಿಕ್ಕಿಗಾ?"

"ಹತ್ತಿಸ್ಕೊಳ್ತೀನಿ ಅಂತ ಯಾರು ಹೇಳಿದ್ರು, ಅತ್ತೆ?" ಎನ್ನುತ್ತ ಮಗಳು ಇಳಿದಳು. ದಿನವೆಲ್ಲ ಕಂಡಕ್ಟರನ ಗಂಟೆಗೆ ನಿಲ್ಲು ಅಂದರೆ ನಿಂತು, ಹೊರಡು ಅಂದರೆ ಹೊರಟು ಸಾಕಾಗಿ ಹೋಗಿದೆ, ತನ್ನ ಮಾತು ಕೇಳುವ ಗಾಡಿ ಒಂದಾದರೂ ಬೇಡವೇ ಎಂಬುದು ಅವಳ ವಾದ. ಹನ್ನೊಂದು ವರ್ಷದ ಹಳೆಯ ಸ್ಪೋರ್ಟ್ಸ್ ಕಾರು, ಮೂರನೆಯ ಕೈ. ಹೊಟ್ಟೆ ನೆಲಕ್ಕೆ ತಾಗುವ ಹಾಗೆ ತಗ್ಗಾಗಿ ಕೂತಿತ್ತು. ದೀಪಗಳು ಪೊರೆ ಬಂದ ಕಣ್ಣಿನಂತೆ ಮಬ್ಬಾಗಿದ್ದವು. ಮೂರು ತಿಂಗಳು ಕೊಡಿ, ಗುರುತೇ ಸಿಗದ ಹಾಗೆ ಮಾಡುತ್ತೇನೆ ಎಂದು ಚಕ್ರದಿಂದ ಹಿಡಿದು ಮಾಡಿನ ತನಕ ತಾನು ಮಾಡಲಿರುವುದನ್ನೆಲ್ಲ ಮಗಳು ಒಂದೇ ಉಸಿರಿಗೆ ಹೇಳಿದಳು. ಕೊನೆಗೆ, "ಅಮ್ಮ, ಸೀಟು ಮಾತ್ರ ನಿನ್ನ ಕೈಯದೇ ಆಗ್ಬೇಕು. ಕಪ್ಪು ಬಟ್ಟೆ, ಕೆಂಪು ದಾರ" ಎಂದಳು.

ಸೀಟಕ್ಕನ ಕೈಯಲ್ಲಿದ್ದ ತುದಿ ಜಾರಿ ಮಣ್ಣಿಗೆ ಬಿತ್ತು. ಹಿಂಡಿದ್ದೆಲ್ಲ ಹೋಯಿತಲ್ಲ ಎಂದು ನಾದಿನಿ ಗೊಣಗಿದಳು.

ಸೀಟಕ್ಕ ಎಂಬುದು ಊರು ಇಟ್ಟ ಹೆಸರು. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಅದೇ ಶೆಡ್ಡಿನಲ್ಲಿ ಕೂತು ಅವಳು ಕಾರು, ವ್ಯಾನುಗಳ ಸೀಟಿಗೆ ಕವರು ಹೊಲಿದಿದ್ದಳು. ಮೇಣ ಹಚ್ಚಿದ ಜೋಡಿ ದಾರ, ಮೂರು ಸುತ್ತು ಹೊಲಿಗೆ. ಬಟ್ಟೆ ಸವೆದು ಜಾಳಾದರೂ ಅವಳ ಹೊಲಿಗೆ ಬಿಡುತ್ತಿರಲಿಲ್ಲ. ಆರು ವರ್ಷದ ಹಿಂದೆ ಒಂದು ದಿನ ಇದ್ದಕ್ಕಿದ್ದಂತೆ, ಇನ್ನು ಗಾಡಿ ಕೆಲಸ ಮುಟ್ಟುವುದಿಲ್ಲ, ಕಣ್ಣು ಮಂಜಾಗಿದೆ ಎಂದುಬಿಟ್ಟಳು. ಅಂದಿನಿಂದ ಪರದೆ, ದಿಂಬಿನ ಚೀಲ ಅಷ್ಟೇ. ಆದರೆ ಸೂಜಿಗೆ ದಾರವನ್ನು ಈಗಲೂ ಒಂದೇ ಸಲಕ್ಕೆ ಪೋಣಿಸುತ್ತಾಳೆಂಬುದು ನಾದಿನಿಯ ಕಣ್ಣಿಗೆ ಬೀಳದೆ ಇರಲಿಲ್ಲ. ಕೇಳಲಿಲ್ಲ, ಅಷ್ಟೇ.

ನಿಜ ಸಂಗತಿ ಇದು. ಎಂಟು ವರ್ಷದ ಹಿಂದೆ ಇಂಥದೇ ಒಂದು ತಗ್ಗು ಕಾರು ಆ ಶೆಡ್ಡಿಗೆ ಬಂದಿತ್ತು. ತಂದವರು ವೈರಿಂಗ್ ಮೇಷ್ಟ್ರು ಮತ್ತು ಅವರ ಮಗ. ಮೇಷ್ಟ್ರು ತಾಂತ್ರಿಕ ಶಾಲೆಯಲ್ಲಿ ವಿದ್ಯುತ್ ಕೆಲಸ ಕಲಿಸುವವರು. ಅಪ್ಪ ಮಗ ಸೇರಿ ಹಳೆಯ ಕಾರೊಂದನ್ನು ಮನೆಯಲ್ಲೇ ಬಿಚ್ಚಿ, ಬಣ್ಣ ಬಳಿದು, ಸೀಟಿನ ಕೆಳಗೆ ಹಾಡಿನ ಪೆಟ್ಟಿಗೆ ಕೂರಿಸಿದ್ದರು. ಸೀಟಿಗೆ ಸೀಟಕ್ಕನೇ ಆಗಬೇಕೆಂದು ಬಂದಿದ್ದರು. ಮುಗಿದ ದಿನ ಹುಡುಗ ಚಾಲಕನ ಸೀಟಿನ ಪಕ್ಕದ ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ ಕೇಳಿದ್ದ: "ಹರಿಯಲ್ಲ ಅಲ್ವಾ, ಸೀಟಕ್ಕ?"

"ನಾನು ಹೊಲಿದಿದ್ದು ಹರಿದಿದ್ದೇ ಇಲ್ಲ" ಎಂದು ಅವಳು ನಕ್ಕಿದ್ದಳು.

ನಾಲ್ಕು ತಿಂಗಳಿಗೆ, ಕವಲು ರಸ್ತೆಯಲ್ಲಿ ಲಾರಿಯೊಂದು ಬಾಗಿಲ ಕಡೆಯಿಂದ ಬಂದು ಗುದ್ದಿ ಹುಡುಗ ಅಲ್ಲೇ ಹೋದ. ಪಕ್ಕದ ಏರ್‌ಬ್ಯಾಗು ತೆರೆಯಲಿಲ್ಲವಂತೆ ಎಂದು ಊರೆಲ್ಲ ಆಡಿಕೊಂಡಿತು. ಸೀಟಕ್ಕನೂ ಹೋಗಿ ಅತ್ತು ಬಂದಳು. ಆಗ ಅವಳಿಗೆ ಓದಲು ಬರುತ್ತಿರಲಿಲ್ಲ.

ಆಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಸಂಜೆ ಶಾಲೆಗೆ ಸೇರಿದಳು. ಅಕ್ಷರ ಕೂಡಿಸಲು ಬಂದ ಹೊಸದರಲ್ಲಿ ಸಿಕ್ಕಿದ್ದನ್ನೆಲ್ಲ ಓದುವ ಹುಚ್ಚು. ಸೋಪಿನ ಹೊದಿಕೆ, ಔಷಧಿ ಶೀಶೆ, ಕೊನೆಗೆ ಗುಂಡಿಗಳ ಡಬ್ಬಿಯಲ್ಲಿದ್ದ ಬಟ್ಟೆಯ ಚೀಟಿಗಳು. ಕವರು ಹಾಕುವಾಗ ಕೆಳಗೆ ಗಂಟಾಗುತ್ತದೆಂದು ಸೀಟಿನ ಪಕ್ಕದಲ್ಲಿ ಅಂಟಿಕೊಂಡಿರುವ ಚೀಟಿಗಳನ್ನು ಅವಳು ಕತ್ತರಿಸಿ ತೆಗೆಯುತ್ತಿದ್ದಳು. ಬಣ್ಣ ಚೆನ್ನಾಗಿದೆಯೆಂದು ಎಸೆಯದೆ ಇಟ್ಟುಕೊಂಡಿದ್ದಳು. ಒಂದನ್ನು ಬೆಳಕಿಗೆ ಹಿಡಿದು, ಇಂಗ್ಲಿಷಿನ ಕೆಳಗಿದ್ದ ಕನ್ನಡದ ಸಾಲುಗಳನ್ನು ಬೆರಳಿಟ್ಟು ಓದಿದಳು. ಇಲ್ಲಿ ಗಾಳಿಚೀಲ (ಏರ್‌ಬ್ಯಾಗ್) ಇದೆ. ಈ ಪಕ್ಕವನ್ನು ಮುಚ್ಚಬೇಡಿ. ಈ ಹೊಲಿಗೆ ತಾನಾಗಿ ಹರಿಯುವಂತಿರಬೇಕು.

ಮತ್ತೆ ಓದಿದಳು. ಎರಡನೆಯ ಸಲವೂ ಅದೇ ಇತ್ತು.

ಗಾಡಿ ಕೆಲಸ ಬಿಟ್ಟದ್ದು ಅಂದೇ. ಆಮೇಲಿನ ಒಂದು ವರ್ಷ ಸೀಟಕ್ಕ ಕತ್ತರಿ ಹಿಡಿದು ಊರು ಸುತ್ತಿದಳು. ಹಳೆಯ ಗಿರಾಕಿಗಳ ಮನೆಗೆ ಹೋಗಿ, ಪಕ್ಕದ ಹೊಲಿಗೆ ಹೊಸ ರೀತಿ ಮಾಡಿಕೊಡುತ್ತೇನೆ, ದುಡ್ಡು ಬೇಡ ಎಂದು ಹೇಳಿ ಬಿಚ್ಚಿ, ಹಳತಾದ ಸಣಕಲು ದಾರದಲ್ಲಿ ಹೊಲಿದು ಬಂದಳು. ವಯಸ್ಸಾಯಿತು, ಸ್ವಲ್ಪ ಅರಳುಮರಳು ಎಂದು ಜನ ಕನಿಕರದಿಂದ ಬಾಗಿಲು ತೆರೆದರು. ಗಾಡಿ ಗುಜರಿಗೆ ಹೋದವರನ್ನು ಬಿಟ್ಟರೆ ಎಲ್ಲರ ಮನೆಯೂ ಮುಗಿಯಿತು. ಮೇಷ್ಟ್ರ ಮನೆಯೊಂದಕ್ಕೆ ಹೋಗಲಿಲ್ಲ. ಅಲ್ಲಿ ಬಿಚ್ಚಿ ಹೊಲಿಯಲು ಏನಿತ್ತು? ಅವರಿಗೊಂದು ಪತ್ರ ಬರೆದಳು. ಬದುಕಿನಲ್ಲಿ ಬರೆದ ಮೊದಲ ಪತ್ರ, ನಾಲ್ಕು ಹಾಳೆ. ಲಕೋಟೆಗೆ ಹಾಕಿ, ವಿಳಾಸ ಬರೆದು, ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟಳು. ಈ ವಾರ, ಮುಂದಿನ ವಾರ ಎನ್ನುತ್ತ ಐದು ವರ್ಷ ಕಳೆಯಿತು.

ಈಗ ಮತ್ತೆ ಆ ಶೆಡ್ಡಿನಲ್ಲಿ ಒಂದು ಕೆಂಪು ಕಾರು.

ಮಗಳು ಪಾಳಿ ಮುಗಿಸಿ ಬಂದವಳೇ ಅದಕ್ಕೆ ಅಂಟಿಕೊಳ್ಳುತ್ತಿದ್ದಳು. ನೀರು ಹಾಕಿ ಸ್ಯಾಂಡ್‌ಪೇಪರಿನಿಂದ ದೀಪ ಉಜ್ಜಿ ಉಜ್ಜಿ ಪೊರೆ ತೆಗೆದಳು. ಚಕ್ರದೊಳಗಿನ ಬ್ರೇಕಿನ ಹಿಡಿಗಳಿಗೆ ಹಳದಿ ಬಣ್ಣ ಹಚ್ಚಿದಳು. ಬಾಗಿಲ ಮೇಲೆ ಹಿಂದಿನ ಮಾಲೀಕ ಅಂಟಿಸಿದ್ದ ಹಕ್ಕಿಯ ಚಿತ್ರವನ್ನು ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡಿ ಕಿತ್ತಳು. ಹಕ್ಕಿ ಹೋಯಿತು. ಆದರೆ ಅದರಡಿಯ ಬಣ್ಣ ಬಿಸಿಲು ಕಾಣದೆ ಕಡುಕೆಂಪಾಗಿಯೇ ಉಳಿದಿದ್ದರಿಂದ ರೆಕ್ಕೆ ಬಿಚ್ಚಿದ ಅದೇ ಆಕಾರ ಅಲ್ಲೇ ಕೂತಿತ್ತು. ಎಷ್ಟು ಪಾಲಿಶ್ ಹಾಕಿದರೂ ಹೋಗಲಿಲ್ಲ.

ಸೀಟಕ್ಕನಿಗೆ ಕಾಟ ಕೊಟ್ಟದ್ದು ಹಕ್ಕಿಯಲ್ಲ, ಚಾಲಕನ ಸೀಟು. ಹಿಂದಿನವನು ಕೂತು ಕೂತು ಅದರ ಸ್ಪಂಜು ಒಂದು ಮೈಯ ಅಚ್ಚಿಗೆ ಕುಸಿದಿತ್ತು. ಎಡ ತೊಡೆಯ ಕಡೆ ತುಸು ಆಳ, ಬೆನ್ನಿನ ಮೇಲ್ಭಾಗದಲ್ಲಿ ಒಂದು ಗುಳಿ. ನಡುಮಧ್ಯಾಹ್ನ ಒಣಗಿದ ಬಟ್ಟೆ ತೆಗೆಯಲು ಹೋದರೆ, ಈಗಷ್ಟೇ ಯಾರೋ ಎದ್ದು ಹೋದಂತೆ ಅದು ಕಾಣುತ್ತಿತ್ತು. ಒಮ್ಮೆ ಕೈಯಿಟ್ಟು ನೋಡಿದಳು. ಬೆಚ್ಚಗಿತ್ತು. ತಗಡಿನ ಮಾಡು, ಬಿಸಿಲಿಗೆ ಎಲ್ಲವೂ ಬೆಚ್ಚಗಿರುತ್ತದೆ ಎಂದುಕೊಂಡಳು. ಆದರೆ ಪಕ್ಕದ ಸೀಟು ತಣ್ಣಗಿತ್ತು. ಎರಡು ದಿನ ಶೆಡ್ಡಿನ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಅಡುಗೆಮನೆಯಲ್ಲಿ ನಿಂತಿರುವಾಗಲೇ ಯಾರೋ ಹೊಲಿಗೆ ಜಗ್ಗುವ ಸದ್ದು ಕೇಳಿತು. ಜಗ್ಗಿ ಬಿಡುವುದು, ಜಗ್ಗಿ ಬಿಡುವುದು. ಹರಿಯುತ್ತಿರಲಿಲ್ಲ. ಹೊರಗೆ ಬಂದು ನೋಡಿದರೆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ, ಕಾರಿನ ಬಾಗಿಲು ಮಾತ್ರ ತೆರೆದಿತ್ತು. ನಾನೇ ಗಾಳಿಯಾಡಲೆಂದು ತೆರೆದಿಟ್ಟಿದ್ದೆ ಎಂದು ಆಮೇಲೆ ಮಗಳು ಹೇಳಿದಳು.

ಕವರು ಹೊಲಿಯಲು ಆಗುವುದಿಲ್ಲ ಎಂದು ತಿಂಗಳು ಪೂರ್ತಿ ಸಾಗಹಾಕಿದಳು. ಕೊನೆಗೆ ಮಗಳು, ಇರಲಿ ಬಿಡು, ನಿಲ್ದಾಣದ ಎದುರಿನ ಅಂಗಡಿಯಲ್ಲಿ ಕೊಡುತ್ತೇನೆ, ಅವರೂ ಜೋಡಿ ದಾರದಲ್ಲೇ ಹೊಲಿಯುತ್ತಾರಂತೆ ಎಂದಾಗ ಸೀಟಕ್ಕನ ಬಾಯಿಂದ ಬೇಡ ಎಂಬ ಮಾತು ಎಷ್ಟು ಜೋರಾಗಿ ಬಂತೆಂದರೆ, ನಾದಿನಿ ಒಳಗಿನಿಂದ ಓಡಿ ಬಂದಳು. ಅಂದೇ ಸಂಜೆ ಸೀಟಕ್ಕ ಮೊಣಕಾಲೂರಿ ಕೂತು ಹಳೆಯ ಕವರು ಬಿಚ್ಚತೊಡಗಿದಳು. ಬಾಗಿಲ ಕಡೆಯ ಪಕ್ಕದಲ್ಲಿ ಅಂಥದೇ ಚೀಟಿ ಇತ್ತು. ಅದನ್ನು ಮುಟ್ಟಲಿಲ್ಲ.

ಅಷ್ಟರಲ್ಲಿ ಇನ್ನೊಂದು ತೊಡಕು ಬಂತು. ಗಾಡಿ ಚಾಲೂ ಮಾಡಿದರೆ ಎದುರಿನ ಫಲಕದಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಮಗಳು ಯಾರನ್ನೂ ಕೇಳದೆ, ಊರಿಗೆಲ್ಲ ಒಳ್ಳೆಯ ಕೈ ಎಂದು, ರಜೆಯ ದಿನ ಬೆಳಿಗ್ಗೆ ವೈರಿಂಗ್ ಮೇಷ್ಟ್ರನ್ನೇ ಕರೆದುಕೊಂಡು ಬಂದಳು.

ಮೇಷ್ಟ್ರು ಬಹಳ ಇಳಿದುಹೋಗಿದ್ದರು. ಅಂಗಿಯ ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು. ಸೀಟಕ್ಕನ ಆರೋಗ್ಯ ವಿಚಾರಿಸಿ, ನೆಲಕ್ಕೆ ಕೂತು, ಟಾರ್ಚು ಹಾಕಿ ಸೀಟಿನ ಅಡಿಗೆ ನೋಡಿದರು. ಏರ್‌ಬ್ಯಾಗಿಗೆ ಹೋಗುವ ಹಳದಿ ತಂತಿಯ ಕೊಂಡಿ ಸಡಿಲವಾಗಿದೆ, ಒತ್ತಿದರೆ ಸಾಕು ಎಂದರು. ಆದರೆ ತಾವು ಒತ್ತಲಿಲ್ಲ. ಮಗಳ ಕೈಯಿಂದಲೇ ಒತ್ತಿಸಿದರು. ಟಕ್ ಎಂದಿತು. ಆಮೇಲೆ ಅಲ್ಲೇ ಕೂತುಕೊಂಡು, ಯಾರೂ ಕೇಳದೆಯೇ ಹೇಳಿದರು:

"ಹಳದಿ ತಂತಿ ನಾನು ಮುಟ್ಟೋದಿಲ್ಲಮ್ಮ. ಒಂದ್ಸಲ ಮುಟ್ಟಿದೀನಿ. ಹಾಡಿನ ಪೆಟ್ಟಿಗೆಗೆ ಜಾಗ ಬೇಕು ಅಂತ ಎಳೆದು ಈ ಕಡೆ ಹಾಕಿದ್ದೆ. ಚೀಲ ತೆರೀಲಿಲ್ಲ. ಸಾವಿರ ಹುಡುಗರಿಗೆ ಕಲ್ಸಿದ ಕೈ, ನೋಡಿ."

ಸೀಟಕ್ಕ ಕೈಯಲ್ಲಿ ಸೂಜಿ ಹಿಡಿದು ನಿಂತಿದ್ದಳು. ಮೇಷ್ಟ್ರು ಅವಳ ಕಡೆ ತಿರುಗಿ, ಅವಳಿಗೆ ಸಮಾಧಾನವಾಗಲಿ ಎಂಬಂತೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು.

"ಆ ಸೀಟೊಂದನ್ನ ಗುಜರಿಗೆ ಕೊಡ್ಲಿಲ್ಲ, ಸೀಟಕ್ಕ. ಅವನ ಕೋಣೇಲೇ ಇದೆ. ಗಾಡಿ ಪೂರ್ತಿ ನುಜ್ಜುಗುಜ್ಜಾದ್ರೂ ನಿಮ್ಮ ಹೊಲಿಗೆ ಒಂದೆಳೆ ಬಿಟ್ಟಿಲ್ಲ. ಹೋಗಿ ಕೈಯಾಡಿಸಿ ಬರ್ತೀನಿ ಆಗಾಗ."

ಆಗಲೇ ಹೇಳಬೇಕಿತ್ತು. ಅವಳು ಕುಡಿಯಲು ನೀರು ತರುತ್ತೇನೆಂದು ಒಳಗೆ ಹೋದಳು. ನೀರು ತರುವಷ್ಟರಲ್ಲಿ ಅವರು ಹೊರಟಿದ್ದರು.

ಮಗಳಿಗೆ ಅಂದೇ ಎಲ್ಲ ಹೇಳಿದಳು, ಗುಂಡಿ ಡಬ್ಬಿಯನ್ನು ಮುಂದಿಟ್ಟುಕೊಂಡು. ಮಗಳು ಚೀಟಿಗಳನ್ನು ಒಂದೊಂದಾಗಿ ತಿರುವಿ ನೋಡಿ ಅಂದದ್ದು ಇಷ್ಟೇ: "ಆರು ವರ್ಷ, ಅಮ್ಮ. ದಿನಾ ನನ್ನ ಬಸ್ಸಲ್ಲೇ ಓಡಾಡ್ತಾರೆ ಆ ಮನುಷ್ಯ. ಮುಂದಿನ ಸೀಟಲ್ಲಿ."

ನಾದಿನಿ ಮಾತ್ರ ಬೇರೆ ರಾಗ ಹಾಡಿದಳು. ಸತ್ತವನು ಎದ್ದು ಬರುತ್ತಾನೆಯೇ, ಹುಣ್ಣು ಮಾಗಿರುವಾಗ ಕೆದಕುವುದೇಕೆ, ನಾಳೆ ಅವರು ಪೊಲೀಸರ ಬಳಿ ಹೋದರೆ ಈ ವಯಸ್ಸಿನಲ್ಲಿ ಏನು ಗತಿ ಎಂದಳು. ಸೀಟಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ತಲೆಯಲ್ಲಿ ಇದ್ದದ್ದು ಒಂದೇ: ಆ ಸೀಟು ಇನ್ನೂ ಇದೆ. ಅವಳ ಕವರಿನೊಳಗೆ ಆ ಚೀಲವೂ ಇದೆ. ಮೇಷ್ಟ್ರ ತಂತಿ ಕೆಟ್ಟಿದ್ದರೆ ಚೀಲ ಮಡಿಸಿದ ಹಾಗೆಯೇ ಇರುತ್ತದೆ. ತಂತಿ ಸರಿಯಿದ್ದರೆ ಅದು ಒಳಗೇ ಸಿಡಿದು, ಹೊರಗೆ ಬರಲು ದಾರಿಯಿಲ್ಲದೆ, ಮಸಿ ಹಿಡಿದು ಮುದುರಿಕೊಂಡಿರುತ್ತದೆ. ಬಿಚ್ಚಿದರೆ ಗೊತ್ತಾಗುತ್ತದೆ. ಮೇಷ್ಟ್ರು ಬಿಚ್ಚಿಲ್ಲ. ಅಷ್ಟು ಚೆನ್ನಾಗಿರುವ ಹೊಲಿಗೆಯನ್ನು ಯಾರು ಬಿಚ್ಚುತ್ತಾರೆ?

ಎರಡು ದಿನ ಕೂತು ಅವಳು ಮಗಳ ಸೀಟು ಮುಗಿಸಿದಳು. ಬಾಗಿಲ ಕಡೆಯ ಪಕ್ಕವನ್ನು ಮುಚ್ಚದೆ ಬಿಟ್ಟಳು. ಬಟ್ಟೆಯ ನಡುವೆ ಅಂಗೈಯಗಲದ ಆ ತೆರಪು ಅರೆಬರೆ ಕೆಲಸದಂತೆ ಕಾಣುತ್ತಿತ್ತು. ನಾದಿನಿ ನೋಡಿ, ಕಣ್ಣು ನಿಜಕ್ಕೂ ಹೋಗಿದೆ ಎಂದಳು. ಮಗಳು ಅದರ ಮೇಲೆ ಕೂತು ಸ್ಟೇರಿಂಗು ಹಿಡಿದು ನೋಡಿದಳು.

ಮೂರನೆಯ ದಿನ ಬೆಳಿಗ್ಗೆ ಸೀಟಕ್ಕ ಡ್ರಾಯರಿನಿಂದ ಲಕೋಟೆ ತೆಗೆದು ಬಿಡಿಸಿದಳು. ಮೊದಲ ಮೂರು ಹಾಳೆಯ ತುಂಬ ಅವಳೇ ಇದ್ದಳು. ನನಗೆ ಯಾರೂ ಹೇಳಲಿಲ್ಲ, ನನಗೆ ಓದು ಬರುತ್ತಿರಲಿಲ್ಲ, ಗಂಡನಿಲ್ಲದವಳು, ಚೀಟಿ ಬಹಳ ಚಿಕ್ಕದಿತ್ತು. ಅದೆಲ್ಲ ಸುಳ್ಳೇನಲ್ಲ. ಆದರೂ ಆ ಮೂರನ್ನು ತೆಗೆದಿಟ್ಟಳು. ನಾಲ್ಕನೆಯ ಹಾಳೆಯಲ್ಲಿ ಮಾತ್ರ, ನಿಮ್ಮ ಮಗನ ಸೀಟಿನ ಪಕ್ಕವನ್ನು ಹರಿಯದ ಹಾಗೆ ಹೊಲಿದವಳು ನಾನು, ಅದು ಹರಿಯಬೇಕಾದ ಹೊಲಿಗೆ ಎಂದಿತ್ತು. ಅದರ ಕೆಳಗೆ ಹೊಸದಾಗಿ ಬರೆದಳು: ಬಾಗಿಲ ಕಡೆಯ ಹೊಲಿಗೆಯನ್ನು ಬಿಚ್ಚಿ ನೋಡಿ. ಗಾಳಿಚೀಲ ಒಳಗೆ ಒಡೆದಿದ್ದರೆ ನಿಮ್ಮ ತಂತಿ ಸರಿಯಾಗಿಯೇ ಕೆಲಸ ಮಾಡಿದೆ ಅಂತ ಅರ್ಥ. ಮೂರು ಸುತ್ತು ಇದೆ, ತುದಿಯಿಂದ ಶುರು ಮಾಡಿ. ಒಬ್ಬರೇ ಬಿಚ್ಚುವುದು ಕಷ್ಟವಾದರೆ ನನ್ನನ್ನು ಕರೆಯಿರಿ, ಬರುತ್ತೇನೆ.

ನಾನೇ ಬಸ್ಸಿನಲ್ಲಿ ಅವರ ಕೈಗೆ ಕೊಡಲೇ ಎಂದು ಮಗಳು ಕೇಳಿದಳು. ಸೀಟಕ್ಕ ಒಪ್ಪಲಿಲ್ಲ. ಎದುರಿಗೆ ಯಾರಾದರೂ ಇದ್ದರೆ ಮೇಷ್ಟ್ರು ತಮ್ಮದನ್ನು ಬಿಟ್ಟು ಅವರಿಗೇ ಸಮಾಧಾನ ಹೇಳತೊಡಗುತ್ತಾರೆ, ಅವರ ಸ್ವಭಾವವೇ ಹಾಗೆ. ಒಬ್ಬರೇ ಕೂತು ಓದಲಿ. ಬೇಕೆನಿಸಿದಾಗ ಮತ್ತೆ ತೆಗೆದು ಓದಲು ಕಾಗದವೇ ಇರಲಿ ಎಂದಳು.

ಕೆಂಪು ಕಾರಿನಲ್ಲೇ ಅಂಚೆ ಕಚೇರಿಗೆ ಹೋದರು. ಅಷ್ಟು ತಗ್ಗಿನ ಗಾಡಿಯಿಂದ ಏಳಲು ಮಗಳು ಕೈಕೊಟ್ಟು ಎತ್ತಬೇಕಾಯಿತು. ಕಿಟಕಿಯಾಚೆಯ ಗುಮಾಸ್ತೆ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು, ವಿಳಾಸ ಓದಿ, ಇದು ಇಲ್ಲೇ ಮೂರು ಬೀದಿ ಆಚೆಯ ಮನೆಯಲ್ಲವೇ ಎಂದು ಮುಖ ನೋಡಿದಳು. ಹೌದು, ಅವರ ಕೈಗೇ ತಲುಪಬೇಕು, ಸಹಿ ಹಾಕಿಸಿಕೊಂಡು ಕೊಡುವಂಥದ್ದು ಮಾಡಿ ಎಂದು ಸೀಟಕ್ಕ ಹೇಳಿದಳು. ಹಾಗಾದರೆ ಕಳಿಸಿದವರ ವಿಳಾಸ ಬೇಕೇ ಬೇಕು ಎಂದು ಗುಮಾಸ್ತೆ ಲಕೋಟೆ ತಿರುಗಿಸಿ ಪೆನ್ನು ಕೊಟ್ಟಳು.

ಹಿಂದೆ ಸಾಲು ಬೆಳೆಯುತ್ತಿತ್ತು. ಸೀಟಕ್ಕ ಅವಸರ ಮಾಡಲಿಲ್ಲ. ಊರು ಕರೆಯುವ ಹೆಸರನ್ನಲ್ಲ, ತನ್ನ ಪೂರ್ತಿ ಹೆಸರನ್ನು ಬರೆದಳು, ಮನೆ ನಂಬರು ಬರೆದಳು, ಹಿತ್ತಲ ಗೇಟಿನಿಂದ ಬರಬೇಕು ಎಂದೂ ಬರೆದಳು. ಗುಮಾಸ್ತೆ ಮುದ್ರೆ ಒತ್ತಿ, ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಹಾಕಿ, ಮುಂದಿನವರನ್ನು ಕರೆದಳು.