ಅಳಿಯಂದಿರ ಯುದ್ಧನೌಕೆ

ಗಡಿಯಾರ ರಿಪೇರಿ ಮಾಡುವ ಮಾವನ ಕಣ್ಣಿಗೆ ಅಳಿಯ ಮಾತಿನಲ್ಲೇ ಮನೆ ಕಟ್ಟುವ ಆಸಾಮಿ. ವಿಮಾನ ಹೊರುವ ಯುದ್ಧನೌಕೆಯ ಮಾದರಿಯೊಂದರ ಬಿಡಿಭಾಗಗಳನ್ನು ತಂದು, ನೌಕೆಯನ್ನೇನೋ ಹೇಗೋ ಜೋಡಿಸಿದ್ದ. ಅದರ ಮೇಲೆ ನಿಲ್ಲಿಸುವ ವಿಮಾನಗಳು ಮಾತ್ರ ಬಟಾಣಿ ಕಾಳಿನಷ್ಟೇ ಇದ್ದವು. ಅವನ ದಪ್ಪ ಬೆರಳಿಗೆ ಸಿಕ್ಕ ಮೊದಲೆರಡರ ರೆಕ್ಕೆ ಮುರಿದವು.

"ಮಾವ, ನಿಮಗಿದು ನೀರು ಕುಡಿದಷ್ಟು ಸುಲಭ," ಎಂದು ಉಳಿದದ್ದನ್ನೆಲ್ಲ ಅವರ ಮೇಜಿನ ಮೇಲೆ ಸುರಿದ.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ರೆಕ್ಕೆ, ಬಾಲ ಹಿಡಿದು ಕೂರಿಸಿ, ಮಾವ ಮೂರು ತಿಂಗಳಲ್ಲಿ ಮೂವತ್ತು ವಿಮಾನ ಮಾಡಿದರು. ನೌಕೆಗೆ ಅಂಟಿಸುವ ಕೆಲಸ ಮಾತ್ರ ಅಳಿಯ ಬಿಟ್ಟುಕೊಡಲಿಲ್ಲ. "ಅಷ್ಟೂ ಬರಲ್ವಾ ನನಗೆ?" ಎಂದ.

ಊರಿನ ಮಾದರಿಗಳ ಸ್ಪರ್ಧೆಯ ಪ್ರದರ್ಶನದ ದಿನ ಮಾವ ಪಕ್ಕದಲ್ಲೇ ನಿಂತಿದ್ದರೂ, "ಎಲ್ಲಾ ನಾನೇ ಕೈಯಾರೆ ಮಾಡಿದ್ದು," ಎಂದು ಬಂದವರೆದುರು ಕೊಚ್ಚಿಕೊಂಡ.

ನೌಕಾಪಡೆಯಲ್ಲಿ ದುಡಿದು ನಿವೃತ್ತಳಾಗಿದ್ದ ತೀರ್ಪುಗಾರ್ತಿ ಬಗ್ಗಿ ನೋಡಿದಳು. "ವಿಮಾನಗಳು ಅಚ್ಚುಕಟ್ಟಾಗಿವೆ. ಆದರೆ ಹಾರಬೇಕಾದವೆಲ್ಲ ಹಡಗಿನ ಹಿಂಭಾಗಕ್ಕೆ ಮೂತಿ ತಿರುಗಿಸಿ ನಿಂತಿವೆಯಲ್ಲ? ಯಾರ ಮೇಲೆ ಮುನಿಸು?"

ಅಳಿಯ ಬೆವರೊರೆಸಿಕೊಂಡ. "ಅದು... ವಿಮಾನ ಮಾಡಿದ್ದು ನಮ್ಮ ಮಾವ."

ಮೂರು ತಿಂಗಳು ನುಂಗಿಕೊಂಡಿದ್ದ ತಾತ್ಸಾರ ಮಾವನ ತುಟಿಯಂಚಿಗೆ ಬಂತು.

"ಹೌದಮ್ಮ, ಮಾಡಿದ್ದು ನಾನು, ಅಂಟಿಸಿದ್ದು ಇವರು. ಮೂತಿ ಯಾವುದು, ಬಾಲ ಯಾವುದು ಅಂತ ಅಳಿಯಂದಿರಿಗೆ ಗೊತ್ತಿರುತ್ತೆ ಅಂದುಕೊಂಡೆ ನೋಡಿ, ಅದು ನನ್ನದೇ ತಪ್ಪು."

ಸುತ್ತ ನಿಂತವರು ಗೊಳ್ಳೆಂದರು. ತೀರ್ಪುಗಾರ್ತಿ ನೌಕೆಯನ್ನು ಪಟ್ಟಿಯಿಂದ ಹೊಡೆದುಹಾಕಿ, ವಿಮಾನಗಳಿಗೆ ಮಾತ್ರ ಬಹುಮಾನ ಬರೆದು, ಮಾವನ ಹೆಸರು ಕೇಳಿದಳು.