ಮೂಟೆಯ ಕೆಳಗಿನ ಕಾಲು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರು ರಸ್ತೆಯ ಡಿವೈಡರಿನಲ್ಲಿ ಒಂದು ಕಂಡಿ ಇತ್ತು. ಕಟ್ಟುವಾಗಲೇ ಬಿಟ್ಟದ್ದೋ, ಆಮೇಲೆ ಯಾರಾದರೂ ಒಡೆದದ್ದೋ, ಹೇಳುವವರಿಲ್ಲ. ಹರಾಜು ಮುಗಿದ ಮೇಲೆ ಗೂಡಿನ ಮೂಟೆ ಹೊತ್ತವರು ಅದರಲ್ಲಿ ಓರೆಯಾಗಿ ನುಸುಳಿ, ಆಚೆ ಬದಿಯ ಗಲ್ಲಿಗಳಲ್ಲಿದ್ದ ನೂಲು ತೆಗೆಯುವ ಒಲೆಗಳಿಗೆ ಹೋಗುತ್ತಿದ್ದರು. ಅಮೀರುನ್ನೀಸಾಳೂ ಹಾಗೇ ಹೋಗುತ್ತಿದ್ದಳು. ಗಂಡ ತೀರಿದಂದಿನಿಂದ ಹರಾಜಿಗೆ ಅವಳೇ ಬರುವಳು. ಮಗ ಶುಕೂರ್ ಒಲೆಗೆ ಬೆಂಕಿ ಹಾಕಿ ನೀರು ಕಾಯಿಸಿಕೊಂಡು ಕಾದಿರುವನು.

ಮಾರಿದವನು ಕೊಂಡವರ ತಲೆಗೆ ಮೂಟೆ ಎತ್ತಿಕೊಡಬೇಕು, ಅದು ಅಲ್ಲಿನ ರೂಢಿ. ಗೂಡಿನ ಮೂಟೆ ಹಗುರ, ಆದರೆ ದೊಡ್ಡದು. ತಲೆಯ ಮೇಲೆ ಕೂತಿತೆಂದರೆ ಮುಖ, ಹೆಗಲು, ಬೆನ್ನು ಎಲ್ಲವೂ ಅದರೊಳಗೆ ಮುಳುಗಿ, ಕೆಳಗೆ ಕಾಲು ಮಾತ್ರ ಉಳಿಯುತ್ತದೆ. ಗೂಡು ಮಾರಲು ಬರುವ ಹೊಂಗನೂರಿನ ಚೆಲುವಯ್ಯನಿಗೆ ಈ ರೂಢಿಯ ಮೇಲೆ ದೇವರ ಮೇಲಿನಷ್ಟೇ ಭಕ್ತಿ. ಎತ್ತಿಕೊಟ್ಟ ಹೊರೆ ಒಲೆ ಮುಟ್ಟುವ ತನಕ ಅರ್ಧ ಭಾರ ತನ್ನ ಮೇಲಿರುತ್ತದೆ ಎಂದು ಅವನ ನಂಬಿಕೆ.

"ಏನ್ ಅಮೀರಕ್ಕ, ಹಿಂಗ್ ಕೂಗ್ತೀಯ ರೇಟ್ನ? ನನ್ ಗೂಡೇನ್ ಕಳ್ಳೇಕಾಯಾ?" ಎಂದು ಅವನು ರೇಗಿಸುವನು.

"ನಿನ್ ಗೂಡು ನಿನ್ ಥರಾನೇ ಚೆಲುವಯ್ಯಣ್ಣ. ಮೇಲೆ ದಪ್ಪ, ಒಳಗೆ ಎಳೆ ಇಲ್ಲ. ಎತ್ತು, ಎತ್ತು."

ಅವನು ನಗುತ್ತ ಎತ್ತಿಕೊಡುವನು. ಅವಳು "ಬಿಸ್ಮಿಲ್ಲಾ" ಎಂದು ಹೆಜ್ಜೆ ಹಾಕುವಳು.

ಆ ವಾರ ಊರಿನಲ್ಲಿ ನಗರ ಯೋಜಕರಿಗೆ ತರಬೇತಿ ನಡೆದಿತ್ತು. ಸಮತೆ, ಸಂಚಾರ, ತಂತ್ರಜ್ಞಾನ ಎಂಬ ಮೂರು ಮಾತುಗಳನ್ನು ದೊಡ್ಡ ಬಟ್ಟೆಯ ಮೇಲೆ ಬರೆದು ಸಭಾಂಗಣದ ಬಾಗಿಲಿಗೆ ಕಟ್ಟಿದ್ದರು. ನೌಕರಿಯಲ್ಲಿ ತಲೆ ನರೆತವರೆಲ್ಲ ಮತ್ತೆ ಶಾಲೆ ಮಕ್ಕಳಂತೆ ಬೆಂಚಿನ ಮೇಲೆ ಕೂತು, ಮಧ್ಯಾಹ್ನದ ಊಟದ ಬಗ್ಗೆ ಪಿಸುಗುಟ್ಟುತ್ತಿದ್ದರು. ಮಾಗಡಿಯ ಕಚೇರಿಯಿಂದ ಬಂದಿದ್ದ ಸಾಬಿರಾ ಅವರಲ್ಲಿ ಒಬ್ಬಳು. ಅವಳು ಅಮೀರುನ್ನೀಸಾಳ ಮಗಳು. ಕಲಿಸುತ್ತಿದ್ದವರು ರಾಮಲಿಂಗಯ್ಯನವರು, ನಿವೃತ್ತ ಯೋಜಕರು, ಸಾಧು ಮನುಷ್ಯ, ಯಾರ ಮೇಲೂ ದನಿ ಏರಿಸಿದವರಲ್ಲ.

ಮಾರುಕಟ್ಟೆಯ ಎದುರಿನ ಕಂಬಕ್ಕೆ ಕ್ಯಾಮೆರಾ ಕಟ್ಟಿ ಹಿಡಿದ ಚಿತ್ರವನ್ನು ಅವರು ಗೋಡೆಯ ಮೇಲೆ ಓಡಿಸಿದರು. ಕಂಪ್ಯೂಟರು ತಾನೇ ನೋಡಿ, ತಾನೇ ಗುರುತಿಸಿ, ತಾನೇ ಎಣಿಸುತ್ತಿತ್ತು. ಬೈಕು ಬಂದರೆ ಅದರ ಸುತ್ತ ಒಂದು ಹಸಿರು ಚೌಕ, ಮೇಲೆ "ಬೈಕ್". ಬಸ್ಸಿಗೊಂದು ಚೌಕ. ಪಾದಚಾರಿಗೊಂದು ಚೌಕ, ಮೇಲೆ "ಮನುಷ್ಯ". ಡಿವೈಡರ್ ಹತ್ತಿ ಮಲಗಿದ ನಾಯಿಗೂ ಒಂದು ಚೌಕ ಬಿತ್ತು. ಎಲ್ಲರೂ ನಕ್ಕರು.

ಆಮೇಲೆ ಕಂಡಿಯಿಂದ ಒಂದು ಬಿಳಿ ಮೂಟೆ ಹೊರಬಂದು ರಸ್ತೆ ದಾಟಿತು. ಅದರ ಸುತ್ತ ಏನೂ ಮೂಡಲಿಲ್ಲ. ಅದರ ಹಿಂದೆ ಇನ್ನೊಂದು, ಮತ್ತೊಂದು. ಮೊದಲನೆಯದರ ಕೆಳಗಿನ ಹೆಜ್ಜೆ ಸಾಬಿರಾಳಿಗೆ ಗುರುತು ಸಿಕ್ಕಿತು. ಎಡಗಾಲನ್ನು ಒಸಿ ಹೊರಕ್ಕೆ ಎಳೆದು ಇಡುವ ಹೆಜ್ಜೆ.

"ಸಾರ್, ಅಲ್ಲೊಬ್ಬರು ದಾಟ್ತಿದಾರೆ. ಚೌಕ ಬರ್ಲಿಲ್ಲ."

"ಅದು ಮೂಟೆ ಕಣಮ್ಮ."

"ಮೂಟೆ ಕೆಳಗೆ ಕಾಲಿದೆ ಸಾರ್."

ಹಿಂದಿನ ಬೆಂಚಿನಿಂದ ಯಾರೋ, "ಮೂಟೆಗೆ ಕಾಲು ಬಂದಿದ್ರೆ ಅದಕ್ಕೊಂದು ವೋಟರ್ ಕಾರ್ಡ್ ಮಾಡ್ಸೋಣ ಬಿಡಿ ಮೇಡಂ" ಎಂದರು. ಮತ್ತೆ ನಗು. ರಾಮಲಿಂಗಯ್ಯನವರೂ ನಕ್ಕು, "ಯಂತ್ರ ಕೆಲವು ಬಿಟ್ಬಿಡುತ್ತೆ, ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತೆ" ಎಂದರು. ಅದು ನನ್ನ ತಾಯಿ ಎಂಬ ಮಾತು ಸಾಬಿರಾಳ ನಾಲಗೆಯ ತುದಿಗೆ ಬಂದು ನಗುವಿನ ನಡುವೆ ಒಣಗಿತು. ಇಲ್ಲಿ ಜನ ದಾಟುವುದೇ ಇಲ್ಲ, ಕಂಡಿ ಮುಚ್ಚಿದರೆ ವಾಹನಗಳು ಸರಾಗ ಹೋಗುತ್ತವೆ ಎಂದು ತಂಡದ ವರದಿ ಆಯಿತು. ಕಂಡಿ ಮುಚ್ಚಿ ನೋಡುವ ಪ್ರಯೋಗದ ಫಲವನ್ನು ವಾರ ಮುಗಿಯುವುದರೊಳಗೆ ತೋರಿಸಬೇಕಿತ್ತು. ಎಲ್ಲರೂ ಸಹಿ ಹಾಕಿದರು. ಸಾಬಿರಾಳೂ ಹಾಕಿದಳು.

ಸಂಜೆ ಅವಳು ತಾಯಿಯ ಮನೆಗೆ ಹೋದಳು. ಒಲೆಯ ಹೊಗೆ, ಬೆಂದ ಹುಳುವಿನ ವಾಸನೆ, ಕುದಿನೀರಿನಲ್ಲಿ ಬೆಳ್ಳಗಾಗಿ ಸುಕ್ಕುಗಟ್ಟಿದ ತಾಯಿಯ ಬೆರಳು.

"ಅಮ್ಮಿ, ಕಂಡಿ ಮುಚ್ತಾರೆ. ನಾಳೆ ಸರ್ಕಲ್ ಸುತ್ಕೊಂಡು ಬಾ."

"ಯಾರು ಮುಚ್ಚೋದು?"

"ಮೇಲಿನೋರು."

"ಮೇಲಿರೋನು ಒಬ್ಬನೇ ಬೇಟಿ. ಅವನು ಯಾವತ್ತೂ ದಾರಿ ಮುಚ್ಚಿಲ್ಲ" ಎಂದು ತಾಯಿ ಎಳೆ ಹುಡುಕುತ್ತಲೇ ಅಂದಳು. "ಅಷ್ಟು ದೂರ ಸುತ್ತಿದ್ರೆ ಒಲೆ ನೀರು ಆರೋಗುತ್ತೆ."

ಶುಕೂರ್ ಸೌದೆ ತುರುಕುತ್ತ, "ಆಪಾ ಆಫೀಸರಾಗಿ ಏನ್ ಬಂತು? ಒಂದು ಕಂಡಿ ಉಳಿಸೋಕಾಗಲ್ಲ" ಎಂದ. ಸಾಬಿರಾ ಚಹಾ ಕುಡಿದು ಎದ್ದಳು. ಸಹಿಯ ಮಾತು ಆಡಲಿಲ್ಲ.

ಬೆಳಗಾಗುವಾಗ ಕಂಡಿಯಿದ್ದಲ್ಲಿ ಎದೆಯೆತ್ತರದ ಕಬ್ಬಿಣದ ಸರಳುಗಳು ನಿಂತಿದ್ದವು. ಕಂಟ್ರಾಕ್ಟರನ ಕಡೆಯ ಕಾವಲುಗಾರನೊಬ್ಬ ಬಿದಿರ ಕೋಲು ಹಿಡಿದು ಅದರ ಮುಂದೆ ಕೂತಿದ್ದ. ಹರಾಜು ಮುಗಿಯಿತು. ಚೆಲುವಯ್ಯ ಅಮೀರುನ್ನೀಸಾಳ ತಲೆಗೆ ಮೂಟೆ ಎತ್ತಿಕೊಟ್ಟು, "ಉಷಾರು ಕಣಕ್ಕ" ಎಂದ. ಅವಳ ಹಿಂದೆ ಇನ್ನೂ ನಾಲ್ಕಾರು ಮೂಟೆಗಳು ರಸ್ತೆಗೆ ಬಂದು ಸರಳಿನ ಮುಂದೆ ನಿಂತವು. ಎದುರು ಗಲ್ಲಿಯಿಂದ ಶುಕೂರ್ ಹಾರೆ ಹಿಡಿದು ಓಡಿ ಬಂದ.

"ಏಯ್, ಮುಟ್ಟಬೇಡ. ಸರ್ಕಾರದ್ದು."

"ನಿಮ್ಮಪ್ಪಂದಾ?" ಎಂದು ಶುಕೂರ್ ಹಾರೆ ಕೊಟ್ಟು ಒಂದು ಸರಳು ಮೀಟಿದ. ಬಿದಿರು ಅವನ ಕಿವಿಯ ಮೇಲೆ ಬಿತ್ತು. ಮೊದಲ ರಕ್ತ ಅದೇ. ಚೆಲುವಯ್ಯ ಕಾವಲುಗಾರನ ಹೊಟ್ಟೆಗೆ ತಲೆಯಿಂದ ಗುದ್ದಿದ. ಕೆಳಗೆ ಬಿದ್ದವನ ಕೈಯನ್ನು ಯಾರೋ ಚಪ್ಪಲಿಯಲ್ಲಿ ಹೊಸಕಿದರು. ಬೆರಳು ಮುರಿದ ಸದ್ದು ಒಣ ಹಿಪ್ಪುನೇರಳೆ ಕಡ್ಡಿ ಮುರಿದ ಹಾಗೆ ಕೇಳಿಸಿತು. ಶುಕೂರ್ ಕಿವಿಯಿಂದ ರಕ್ತ ಸುರಿಸುತ್ತಲೇ ಎರಡು ಸರಳು ಬಗ್ಗಿಸಿದ.

ಮೂಟೆಯೊಳಗಿದ್ದ ಅಮೀರುನ್ನೀಸಾಳಿಗೆ ಇದೊಂದೂ ಕಾಣಲಿಲ್ಲ. ಬೈಗುಳ ಕೇಳಿಸಿತು, ಸರಳು ಕಿತ್ತ ಸದ್ದು ಕೇಳಿಸಿತು. ದಾರಿ ಆಯಿತೆಂದುಕೊಂಡು ಬಿಸ್ಮಿಲ್ಲಾ ಅಂದು ನುಸುಳಿದಳು. ಬಗ್ಗಿದ ಸರಳಿನ ತುದಿಗೆ ಮೂಟೆಯ ಬಟ್ಟೆ ಸಿಕ್ಕಿಕೊಂಡಿತು. ಮೊದಲಿನ ಕಂಡಿಯಲ್ಲಾದರೆ ಆಚೆ ತುದಿಯಲ್ಲಿ ನಿಂತು ಕಿವಿಗೊಟ್ಟು ಆಮೇಲೆ ಇಳಿಯುತ್ತಿದ್ದಳು. ಈಗ ಬಿಡಿಸಿಕೊಳ್ಳಲೆಂದು ಜಗ್ಗಿದಳು. ಬಟ್ಟೆ ಹರಿದು, ಜಗ್ಗಿದ ವೇಗಕ್ಕೆ ಮುಗ್ಗರಿಸಿ ರಸ್ತೆಯ ನಡುವಿಗೆ ಹೋದಳು.

ಸೋಲೂರಿನಿಂದ ತೆಂಗಿನಕಾಯಿ ತುಂಬಿಕೊಂಡು ಬರುತ್ತಿದ್ದ ಲಾರಿ ಅವಳನ್ನು ಎತ್ತಿ ಎಸೆಯಿತು.

ಗೂಡು ರಸ್ತೆಯ ತುಂಬ ಉರುಳಿ ಕೆಲವು ಚರಂಡಿಗೆ ಬಿದ್ದವು, ಕೆಲವು ಅವಳ ಕೂದಲಿಗೆ ಅಂಟಿದವು. ಲಾರಿ ಓಡಿಸುತ್ತಿದ್ದ ಇಮಾಮ್ ಸಾಬ್ ವಯಸ್ಸಾದವನು. ಇಳಿದು ಓಡಿಹೋಗಿದ್ದರೆ ತಪ್ಪಿಸಿಕೊಳ್ಳುತ್ತಿದ್ದ. ಅವನು ಇಳಿದು ಅವಳ ಕಡೆಗೇ ಓಡಿದ. ಅವಳ ತಲೆಯನ್ನು ಅಂಗೈಯಲ್ಲಿ ಹಿಡಿದು, "ಎತ್ರಪ್ಪ, ಲಾರಿಗೆ ಹಾಕ್ರಪ್ಪ, ಉಸ್ರೈತೆ" ಎಂದ. ಮಾತು ಮುಗಿಯುವ ಮೊದಲೇ ಜನ ಅವನ ಮೇಲೆ ಬಿದ್ದರು.

ಕಿತ್ತ ಸರಳುಗಳು ಈಗ ಕೈಗಳಲ್ಲಿದ್ದವು. ಮಾರುಕಟ್ಟೆಗೆ ಬಂದಿದ್ದ ರೈತರು, ಒಲೆ ಬಿಟ್ಟು ಬಂದ ನೂಲಿನವರು, ಏನಾಯಿತೆಂದೇ ಗೊತ್ತಿಲ್ಲದ ದಾರಿಹೋಕರು, ಎಲ್ಲರೂ ಸೇರಿದರು. ಹೊಡೆತದ ಹೊತ್ತಿನಲ್ಲಿ ಯಾರು ಯಾವ ಊರು, ಯಾವ ಜಾತಿ ಎಂದು ಇರಲಿಲ್ಲ. ಎಲ್ಲರಿಗಿಂತ ಮುಂದಿದ್ದವನು ಚೆಲುವಯ್ಯ. "ನಾನ್ ಎತ್ಕೊಟ್ಟಿದ್ದು ಕಣ್ಲಾ, ಈ ಕೈನಾಗ್ ಎತ್ಕೊಟ್ಟಿದ್ದು" ಎಂದು ಒಂದೊಂದು ಹೊಡೆತಕ್ಕೂ ಅನ್ನುತ್ತಿದ್ದ. ಮುದುಕನ ಹಲ್ಲು ಉದುರಿದವು. ಹುಬ್ಬು ಒಡೆದು ಒಂದು ಕಣ್ಣು ಮುಚ್ಚಿಹೋಯಿತು. ಅವನು ಬೆನ್ನು ಕೊಟ್ಟು ಗುಂಡಗೆ ಮುದುರಿಕೊಂಡು ಬಿದ್ದಿದ್ದ.

ಪ್ರಯೋಗದ ಮೊದಲ ಬೆಳಗನ್ನು ನೋಡಲು ಹೊರಟಿದ್ದ ತರಬೇತಿಯ ಬಸ್ಸು ಆಗ ಬಂತು. ಸಾಬಿರಾ ಇಳಿದಳು. ಮೊದಲು ಗೂಡು ಕಂಡಿತು, ಆಮೇಲೆ ಹೊರಕ್ಕೆ ತಿರುಗಿದ ಎಡಗಾಲು. ಹೋಗಿ ಮಂಡಿಯೂರಿದಳು. ತಾಯಿಯ ತುಟಿ ಆಡುತ್ತಿತ್ತು; ಕೊನೆಯ ಹೊತ್ತಿನ ಕಲಿಮಾ ಇರಬೇಕು. ಹಿಂದೆ ವಾಹನಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತಿದ್ದವು. ಲಾರಿಯ ಮುಂದೆ ಮಾತ್ರ ಆಸ್ಪತ್ರೆಯ ಕಡೆಗೆ ರಸ್ತೆ ಖಾಲಿ. ಲಾರಿಯ ಬಾಗಿಲು ತೆರೆದಿತ್ತು, ಎಂಜಿನ್ ಗುರುಗುಟ್ಟುತ್ತಿತ್ತು. ಓಡಿಸುವವನು ನೆಲದ ಮೇಲಿದ್ದ.

"ಬಿಡ್ರಪ್ಪ ಅವನ್ನ. ಅಮ್ಮಿ ಬದುಕಿದಾಳೆ. ಅವನೇ ಕರ್ಕೊಂಡು ಹೋಗ್ಬೇಕು." ಯಾರಿಗೂ ಕೇಳಲಿಲ್ಲ. ರಾಮಲಿಂಗಯ್ಯನವರು ಬಸ್ಸಿನ ಮೆಟ್ಟಿಲ ಮೇಲೆ ಕೈಮುಗಿದು ನಿಂತು, "ದಯವಿಟ್ಟು, ದಯವಿಟ್ಟು" ಎನ್ನುತ್ತಿದ್ದರು. ಅವರ ಮೆತ್ತಗಿನ ದನಿ ಅಲ್ಲಿಗೆ ಸಾಲಲಿಲ್ಲ.

ಸಾಬಿರಾ ಗುಂಪನ್ನು ಮೊಣಕೈಯಿಂದ ಸೀಳಿಕೊಂಡು ಒಳಗೆ ಹೋದಳು. ಮುದುಕನ ತಲೆಯ ಮೇಲೆ ಶುಕೂರ್ ಸರಳು ಎತ್ತಿದ್ದ.

"ಬೇಲಿ ಹಾಕ್ಸಿದ್ದು ಇವನಲ್ಲ ಶುಕೂರ್. ನಾನು. ಸಹಿ ನಂದು."

ಅವನಿಗೆ ಕೇಳಿಸಿತು. ಎತ್ತಿದ ಕೈ ದಿಕ್ಕು ಬದಲಿಸಿತು. ಅವಳು ಅಡ್ಡ ಹಿಡಿದ ತೋಳಿನ ಮೇಲೆ ಸರಳು ಬಿದ್ದು, ಮೂಳೆ ಚರ್ಮ ಸೀಳಿ ಹೊರಗೆ ಬಂತು. ಇನ್ನೊಂದು ಹೊಡೆತ ಹೆಗಲಿಗೆ. ಅವಳು ಮುದುಕನ ಮೇಲೆ ಕವುಚಿ ಬಿದ್ದಳು. ಮೂರನೆಯದಕ್ಕೆ ಕೈ ಎತ್ತಿದಾಗ ಚೆಲುವಯ್ಯ ಅವನ ಸರಳು ಹಿಡಿದುಕೊಂಡ.

"ಸಾಕು ಕಣ್ಲಾ. ಅಕ್ಕ ಕಣ್ಲಾ ನಿನ್ಗೆ."

ಆಗ ಸದ್ದು ಅಡಗಿತು. ಅಮೀರುನ್ನೀಸಾಳನ್ನು ತೆಂಗಿನಕಾಯಿಯ ಮೇಲೆ ಮಲಗಿಸಿದರು. ಇಮಾಮ್ ಸಾಬ್ ಒಂದೇ ಕಣ್ಣಿನಲ್ಲಿ ನೋಡುತ್ತ, ಬಾಯಿಂದ ರಕ್ತ ಉಗಿಯುತ್ತ ಲಾರಿ ಓಡಿಸಿದ. ಶುಕೂರ್ ತಾಯಿಯ ಕಾಲು ಹಿಡಿದುಕೊಂಡಿದ್ದ. ಆಸ್ಪತ್ರೆಯ ಗೇಟು ಕಾಣುವಾಗ ಹೊರಕ್ಕೆ ತಿರುಗಿದ ಆ ಪಾದ ಅವನ ಕೈಯಲ್ಲಿ ಸಡಿಲವಾಯಿತು. ಕೊಟ್ಟವನು ತೆಗೆದುಕೊಂಡ. ಇನ್ನೊಂದಿಷ್ಟು ಮುಂಚೆ ತಂದಿದ್ದರೆ ಎಂದು ಡಾಕ್ಟರು ಹೇಳಿ ತಲೆ ತಗ್ಗಿಸಿದರು.

ಕಂಡಿಯನ್ನು ಆಮೇಲೆ ಮೊದಲಿಗಿಂತ ಅಗಲ ಮಾಡಿ ಬಿಟ್ಟರು.

ತಾಯಿಯ ನಲವತ್ತನೆಯ ದಿನದ ಫಾತಿಹಾ ಓದಿಸಿದ ಮಧ್ಯಾಹ್ನ ರಾಮಲಿಂಗಯ್ಯನವರು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದರು. ಆ ಬೆಳಗಿನ ಕ್ಯಾಮೆರಾದ ಚಿತ್ರ ನೋಡಬೇಕೆಂದು ಸಾಬಿರಾಳೇ ಹೇಳಿ ಕಳಿಸಿದ್ದಳು. ಅವಳ ಕೈಗೆ ಪ್ಲಾಸ್ಟರ್ ಇತ್ತು. ಜಾಮೀನಿನ ಮೇಲೆ ಬಂದಿದ್ದ ಶುಕೂರ್ ಗೋಡೆಗೆ ಒರಗಿ ಕೂತಿದ್ದ. ಚೆಲುವಯ್ಯ ಹೊಸಿಲಾಚೆಯೇ ಕುಕ್ಕರಗಾಲಲ್ಲಿ ಕೂತ.

"ಒಳಗ್ ಬನ್ನಿ ಅಣ್ಣ."

"ಇಲ್ಲೇ ಕಾಣ್ತದೆ ಕಣವ್ವ."

ಚಿತ್ರ ಓಡಿತು. ಬಿಳಿ ಮೂಟೆ ಸರಳಿನ ಹತ್ತಿರ ಬಂತು. ಚೌಕವಿಲ್ಲ. ನುಸುಳಿತು. ಚೌಕವಿಲ್ಲ. ಲಾರಿ ಬಂತು, ಅದಕ್ಕೊಂದು ಚೌಕ. ಮೂಟೆ ಒಂದು ಕಡೆ ಹಾರಿತು, ತಾಯಿ ಒಂದು ಕಡೆ ಬಿದ್ದಳು. ತಲೆಯ ಮೇಲೆ ಏನೂ ಇಲ್ಲದ ಅವಳ ಸುತ್ತ ತೆಳ್ಳಗಿನ ಹಸಿರು ಗೆರೆ ಮೂಡಿ, ಮೇಲೆ "ಮನುಷ್ಯ" ಎಂದು ಬರೆದುಕೊಂಡಿತು.

ರಾಮಲಿಂಗಯ್ಯನವರ ಕೈ ನಿಲ್ಲಿಸಲು ಹೋಯಿತು. ಶುಕೂರ್ ಎದ್ದು ಬಂದು ಅವರ ಮಣಿಕಟ್ಟು ಹಿಡಿದ. "ನಿಲ್ಲಿಸ್ಬೇಡಿ ಸಾರ್. ನಾನ್ ಮಾಡಿದ್ದನ್ನೂ ನೋಡ್ತೀನಿ."

ಚಿತ್ರ ಓಡುತ್ತ ಹೋಯಿತು. ಗುಂಪು ಸೇರಿತು, ಸರಳುಗಳು ಏಳುತ್ತ ಬೀಳುತ್ತ ಇದ್ದವು. ಹೊಡೆಯುವ ಪ್ರತಿಯೊಬ್ಬನಿಗೂ ಒಂದು ಚೌಕ, ಪ್ರತಿಯೊಂದರ ಮೇಲೂ ಅದೇ ಮಾತು. ಲಾರಿಯ ಬಾಗಿಲು ತೆರೆದೇ ಇತ್ತು. ಪರದೆಯ ಮೂಲೆಯಲ್ಲಿ, ಎಲ್ಲರಿಂದ ದೂರ, ತಾಯಿಯ ಸಣ್ಣ ಚೌಕ ಅಳ್ಳಾಡುತ್ತಿತ್ತು. ಅವಳು ಕೈ ಆಡಿಸುತ್ತಿದ್ದಳು. ಅವರು ಹೊಡೆದಷ್ಟು ಹೊತ್ತೂ ಆಡಿಸುತ್ತಲೇ ಇದ್ದಳು.