ಮಾಸದ ಗೆರೆ

"ಇನ್ನೂ ಇದೆ," ಎಂದಳು ಮಗಳು, ಜ್ವರದ ವೈರಸ್ ಪರೀಕ್ಷೆಯ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು. "ಎರಡನೇ ಗೆರೆ ಹೋಗಿಲ್ಲ. ಇವತ್ತೂ ಮಗು ಮುಟ್ಟೋ ಹಾಗಿಲ್ಲ ಅಪ್ಪ."

ಡುಮ್ಮಣ್ಣನಿಗೆ ರೇಗಿತು. ಬೀದಿಯವರು ಇಟ್ಟ ಆ ಹೆಸರು ಅವನ ಮೈಗೆ ಸರಿಯಾಗಿಯೇ ಹೊಂದಿತ್ತು. ದೊಡ್ಡ ಕಟ್ಟಡಗಳಲ್ಲಿ ಬೆಂಕಿಯ ಅಲಾರಂ ರಿಪೇರಿ ಮಾಡುವುದು ಅವನ ಕೆಲಸ; ಅವನು ಏಣಿ ಹತ್ತಿದರೆ ಕೆಳಗೆ ಹಿಡಿದುಕೊಂಡವರ ಜೀವ ಬಾಯಿಗೆ ಬರುತ್ತಿತ್ತು. ಜ್ವರ ಬಂದದ್ದು ಅವನಿಗೂ ಹೆಂಡತಿಗೂ ಒಟ್ಟಿಗೆ, ಬಿಟ್ಟದ್ದೂ ಒಟ್ಟಿಗೆ. ಅವಳ ಪಟ್ಟಿಯಲ್ಲಿ ಗೆರೆ ಮಾಸಿ ಅವಳು ಆಗಲೇ ಮೊಮ್ಮಗಳನ್ನು ಎತ್ತಿ ಆಡಿಸುತ್ತಿದ್ದಳು, ಇವನಿಗೆ ಮಾತ್ರ ಬಾಗಿಲಾಚೆಯ ದರ್ಶನ. ಹುಟ್ಟಿದ ಮೇಲೆ ಮಗು ಈ ಮನೆಗೆ ಬಂದದ್ದು ಇದೇ ಮೊದಲು, ಮರುದಿನ ಹೊರಟುಬಿಡುವುದಿತ್ತು.

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ಹಾಗಿರೋದೇ ತೊಂದರೆ," ಎಂದು ಹೆಂಡತಿ ಒಳಗಿನಿಂದಲೇ ಕಿಚಾಯಿಸಿದಳು.

ವೈರಸ್‌ಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಮಗಳು ನಗಲಿಲ್ಲ. "ತುಂಬಾ ದಪ್ಪ ಇರೋರ ಮೈಯಲ್ಲಿ ಇದು ಜಾಸ್ತಿ ದಿನ ಉಳೀಬಹುದು ಅಪ್ಪ. ಹುಷಾರಾದ ಮೇಲೂ ಉಸಿರಲ್ಲಿ ಬರ್ತಿರುತ್ತೆ."

"ಅಂದ್ರೆ ನನ್ನ ಹೊಟ್ಟೆ ನಿನ್ನ ಕಣ್ಣಿಗೆ ಚುಚ್ತಿದೆ ಅನ್ನು."

ಮಾತು ಜಾರಿದ ಮೇಲೆ ಅವನಿಗೇ ಕೆಡುಕೆನಿಸಿತು. ಆದರೂ ಕೆಟ್ಟ ಯಂತ್ರವನ್ನು ಬಿಚ್ಚಿ ನೋಡದೆ ಬಿಡುವ ಜಾಯಮಾನ ಅವನದಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾನೇ ಕೆದಕಿದ. "ಕೊಬ್ಬಿಗೂ ವೈರಸ್‌ಗೂ ಏನು ನಂಟು? ಹೇಳು ನೋಡೋಣ."

"ಕೊಬ್ಬು ಸುಮ್ನೆ ಬಿದ್ಕೊಂಡಿರಲ್ಲ. ಏನೋ ಅಪಾಯ ಇದೆ ಅಂತ ಹಗಲೂ ರಾತ್ರಿ ಸಣ್ಣಗೆ ಸುದ್ದಿ ಕಳಿಸ್ತಾನೇ ಇರುತ್ತೆ. ಹಾಗಾಗಿ ನಿಜವಾಗ್ಲೂ ವೈರಸ್ ಬಂದಾಗ ಹೋರಾಡಬೇಕಾದ ಜೀವಕೋಶಗಳು ನಿಧಾನ ಮಾಡ್ತವೆ."

ಡುಮ್ಮಣ್ಣ ಕುರ್ಚಿಯಲ್ಲಿ ಮುಂದಕ್ಕೆ ಜರುಗಿದ. ಹಿಂದೆ ಅವನು ರಿಪೇರಿಗೆ ಹೋಗಿದ್ದ ಒಂದು ಬಟ್ಟೆ ಗಿರಣಿಯಲ್ಲಿ ಬರೀ ಧೂಳಿಗೆ ಅಲಾರಂ ದಿನಾ ಬಡಿದುಕೊಳ್ಳುತ್ತಿತ್ತು. ಕೊನೆಗೆ ನಿಜವಾದ ಹೊಗೆ ಎದ್ದ ದಿನ ಒಬ್ಬರೂ ಕೂತಲ್ಲಿಂದ ಏಳಲಿಲ್ಲ. ಒಬ್ಬನಂತೂ ಊಟ ಮುಗಿಸಿ, ಕೈ ತೊಳೆದುಕೊಂಡೇ ಹೊರಗೆ ಬಂದನಂತೆ.

"ಹಂಗಾದ್ರೆ ನನ್ನೊಳಗೆ ಅಲಾರಂ ಕೆಟ್ಟಿಲ್ಲ," ಎಂದ. "ಬಡ್ಕೊಂಡು ಬಡ್ಕೊಂಡು ಬೆಲೆ ಕಳ್ಕೊಂಡಿದೆ."

"ಹೆಚ್ಚುಕಡಿಮೆ ಹಾಗೇ," ಎಂದು ಮಗಳು ಈಗ ನಕ್ಕಳು.

"ರಿಪೇರಿ ಆಗುತ್ತಾ?"

"ತೂಕ ಇಳಿಸಿದ್ರೆ ಎಷ್ಟೋ ಸುಧಾರಿಸಬಹುದು. ನಾಳೆಗಂತೂ ಆಗಲ್ಲ."

ಮರುದಿನ ಬೆಳಿಗ್ಗೆ ಹೊಸ ಪಟ್ಟಿಯಲ್ಲಿ ಗೆರೆ ಕೂದಲೆಳೆಯಷ್ಟಾಗಿತ್ತು. ಮಗಳು ಸ್ನಾನಕ್ಕೆ ಹೋಗಿದ್ದಳು. ಹೆಂಡತಿ ಮಗುವನ್ನು ಬಾಗಿಲವರೆಗೂ ತಂದು ಪಿಸುಗುಟ್ಟಿದಳು. "ಇಷ್ಟೇ ಇಷ್ಟು ಇದೆ. ಒಂದ್ಸಲ ಎತ್ಕೊಂಡ್ಬಿಡ್ರೀ, ನಾನೇನೂ ಬಾಯಿ ಬಿಡಲ್ಲ."

ಅವನ ಕೈ ತಾನಾಗಿಯೇ ಮುಂದೆ ಹೋಯಿತು. ಆ ಮಗುವನ್ನು ಎದೆಗೊತ್ತಿಕೊಳ್ಳುವ ಆಸೆ ಅವನಿಗೆ ತಡೆಯಲಾರದಷ್ಟಿತ್ತು. ಗೆರೆಯನ್ನು ಇನ್ನೊಮ್ಮೆ ನೋಡಿದ. ತೆಳ್ಳಗಿತ್ತು, ಆದರೆ ಇತ್ತು.

"ಬೇಡ ಕಣೇ," ಎಂದ. "ಇನ್ನೂ ಹಸುಗೂಸು."

ಟ್ಯಾಕ್ಸಿ ಬಂತು. ಮೆಟ್ಟಿಲು ಇಕ್ಕಟ್ಟು, ಅವನು ನಿಂತರೆ ಇನ್ನೊಬ್ಬರು ಮೈ ತಾಗದೆ ಇಳಿಯುವಂತಿರಲಿಲ್ಲ. ಅದಕ್ಕೇ ಎಲ್ಲರಿಗಿಂತ ಮೊದಲೇ ಏದುಸಿರು ಬಿಡುತ್ತ ಇಳಿದು, ರಸ್ತೆ ದಾಟಿ, ಬಾಗಿಲು ಹಾಕಿದ್ದ ಅಂಗಡಿಯೊಂದರ ಮುಂದೆ ನಿಂತ. ಆಮೇಲೆ ಅವರು ಇಳಿದು ಬಂದರು. ಮಗಳು ಮಗುವನ್ನು ಅವನ ಕಡೆ ತಿರುಗಿಸಿ ಮೇಲಕ್ಕೆತ್ತಿ ಹಿಡಿದಳು. ಹೊದಿಕೆಯಿಂದ ಪುಟ್ಟ ಕಾಲೊಂದು ಹೊರಗೆ ಜಾರಿ ಗಾಳಿಯನ್ನು ಒದೆಯಿತು. ಡುಮ್ಮಣ್ಣ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು, ಆ ಕಾಲನ್ನೇ ನೋಡುತ್ತ ನಿಂತ.